ಡೇರೆಗಿಂತ ಮೊದಲು ಚಟ್ಟಿ ಇತ್ತು

2018ರ ಆಗಸ್ಟ್ 21ರಂದು ಉತ್ತರಾಖಂಡ ಹೈಕೋರ್ಟ್ ಒಂದು ಆದೇಶ ಹೊರಡಿಸಿತು. ಮರಗಳ ಸಾಲು ಮುಗಿದ ಮೇಲೆ, ಹಿಮ ಶುರುವಾಗುವ ಮೊದಲು ಹರಡಿಕೊಂಡಿರುವ ಎತ್ತರದ ಹುಲ್ಲುಗಾವಲುಗಳಿಗೆ ಗಢವಾಲದವರು ಬುಗ್ಯಾಲ್ ಎನ್ನುತ್ತಾರೆ. ಈ ಬುಗ್ಯಾಲ್‌ಗಳಲ್ಲಿ ಇನ್ನು ಯಾರೂ ರಾತ್ರಿ ತಂಗುವಂತಿಲ್ಲ, ಪ್ರವಾಸಿಗರ ಸಂಖ್ಯೆ 200 ಮೀರುವಂತಿಲ್ಲ, ಅಲ್ಲಿ ಎದ್ದಿರುವ ಕಾಯಂ ಕಟ್ಟಡಗಳನ್ನು ತೆಗೆಯಬೇಕು ಎಂದಿತು ನ್ಯಾಯಾಲಯ. ಚಮೋಲಿ ಜಿಲ್ಲೆಯ ಆಲಿ, ಬೇದಿನಿ, ಬಗ್ಜಿ ಬುಗ್ಯಾಲ್‌ಗಳ ಹೆಸರನ್ನೇ ಇಟ್ಟುಕೊಂಡ ಸಂರಕ್ಷಣಾ ಸಮಿತಿಯೊಂದು ಹೂಡಿದ್ದ ದಾವೆ ಅದು. ರೂಪಕುಂಡ ಎಂಬ ಎತ್ತರದ ಸರೋವರಕ್ಕೆ ಹೋಗುವ ಬಳಕೆಯ ಹಾದಿ ಬೇದಿನಿಯನ್ನು ಹಾಯ್ದೇ ಏರಬೇಕು. ಹಾಗಾಗಿ ಬೆಂಗಳೂರು, ಪುಣೆ, ದೆಹಲಿಯ ಚಾರಣಪ್ರಿಯರ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದ್ದ ರೂಪಕುಂಡದ ಹೆಸರು ಕಂಪನಿಗಳ ವೇಳಾಪಟ್ಟಿಯಿಂದ ಬಿದ್ದುಹೋಯಿತು. ಆದೇಶವನ್ನು ಹೊಗಳಿದವರಿದ್ದರು, ಊರಿನ ಅನ್ನಕ್ಕೆ ಕಲ್ಲು ಹಾಕಿದರೆಂದು ಬೈದವರಿದ್ದರು. ಇಬ್ಬರೂ ಒಂದನ್ನು ಮಾತ್ರ ಪ್ರಶ್ನಿಸಲಿಲ್ಲ. ಎತ್ತರದ ಬೆಟ್ಟಕ್ಕೆ ಹೋದವರು ರಾತ್ರಿಯನ್ನು ಡೇರೆಯಲ್ಲೇ ಕಳೆಯಬೇಕು, ಬೇರೆ ದಾರಿಯೇ ಇಲ್ಲ ಎಂಬುದು ಇಬ್ಬರಿಗೂ ಒಪ್ಪಿತವಾಗಿತ್ತು. ನನ್ನ ತಕರಾರು ಇರುವುದು ಅಲ್ಲಿ. ಬುಗ್ಯಾಲ್ ಮೇಲಿನ ಡೇರೆ ಬೆಟ್ಟ ಕೇಳಿದ್ದಲ್ಲ. ಅದು ಚರಿತ್ರೆಯ ಕೆಲವು ತಿರುವುಗಳಿಂದ, ಅದರಲ್ಲೂ 1962ರ ಭಾರತ–ಚೀನಾ ಯುದ್ಧದಿಂದ, ಅಲ್ಲಿಗೆ ಬಂದು ಕುಳಿತದ್ದು. ಆ ತಿರುವುಗಳನ್ನು ತಿಳಿದರೆ ಚಾರಣದ ಸುತ್ತ ಈಗ ನಡೆಯುತ್ತಿರುವ ಜಗಳದ ಬಹುಪಾಲು ತಪ್ಪು ಜಾಗದಲ್ಲಿ ನಡೆಯುತ್ತಿದೆ ಎಂದು ಕಾಣುತ್ತದೆ. ಹಗಲು ಎಷ್ಟು ಜನ ನಡೆದರು ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದರು ಎಂಬುದರ ಮೇಲೆ ಬೆಟ್ಟದ ಗತಿಯೂ ಊರಿನ ಗತಿಯೂ ನಿಂತಿವೆ.

ಹಿಮಾಲಯದಲ್ಲಿ ಜನ ವಾರಗಟ್ಟಲೆ ನಡೆಯುವುದು ಹೊಸದೇನಲ್ಲ. ಋಷಿಕೇಶದಿಂದ ಬದರಿ, ಕೇದಾರಗಳಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದವರಲ್ಲಿ ಮುದುಕರು, ವಿಧವೆಯರು, ಕೈಯಲ್ಲಿ ಕಾಸಿಲ್ಲದ ಬೈರಾಗಿಗಳು ಎಲ್ಲರೂ ಇದ್ದರು. ಕೇದಾರ ದೇಗುಲದ ಹಿರಿಯ ಗುರುಗಳಾದ ರಾವಲರು ಇಂದಿಗೂ ಕನ್ನಡನಾಡಿನ ವೀರಶೈವ ಪರಂಪರೆಯವರು, ಊಖೀಮಠ ಅವರ ಪೀಠ. ಹಾಗಾಗಿ ಆ ಹಾದಿಯಲ್ಲಿ ಕನ್ನಡದ ಮಾತೂ ಬಹಳ ಕಾಲದಿಂದ ಕೇಳಿಬರುತ್ತಿತ್ತು. ಇವರಾರೂ ಡೇರೆ ಹೊತ್ತವರಲ್ಲ. ಹಾದಿಯುದ್ದಕ್ಕೂ ಕೆಲವೇ ಮೈಲಿಗೊಂದರಂತೆ ಚಟ್ಟಿಗಳಿದ್ದವು. ಚಟ್ಟಿ ಎಂದರೆ ಹುಲ್ಲಿನದೋ ಕಲ್ಲುಚಪ್ಪಡಿಯದೋ ಸೂರು ಹೊದಿಸಿದ, ಮುಂಭಾಗ ತೆರೆದ ಉದ್ದನೆಯ ಕೊಟ್ಟಿಗೆ. ಅಲ್ಲಿ ಒಬ್ಬ ಅಂಗಡಿಯವ ಇರುತ್ತಿದ್ದ. ಅವನ ಹತ್ತಿರ ಅಕ್ಕಿ, ಹಿಟ್ಟು, ಬೇಳೆ, ತುಪ್ಪ ಕೊಂಡರೆ ಸಾಕು. ಅಡುಗೆಗೆ ಪಾತ್ರೆ, ಮಲಗಲು ಜಾಗ ಪುಕ್ಕಟೆ. ರಾತ್ರಿಗೆ ಬೆಲೆಯಿಲ್ಲ, ದಿನಸಿಗೆ ಮಾತ್ರ ಬೆಲೆ. ಇದರ ಜೊತೆಗೆ 19ನೇ ಶತಮಾನದ ಕೊನೆಯಿಂದ ಬಾಬಾ ಕಾಲೀ ಕಮಲೀವಾಲಾ ಹೆಸರಿನ ಸಂಸ್ಥೆಯ ಧರ್ಮಶಾಲೆಗಳೂ ಪುಕ್ಕಟೆ ದಿನಸಿ ಹಂಚುವ ಸದಾವ್ರತಗಳೂ ಎದ್ದವು. ಹನುಮಾನ್ ಚಟ್ಟಿ, ಜಾನಕಿ ಚಟ್ಟಿ, ಫೂಲ್ ಚಟ್ಟಿ ಎಂಬ ಹೆಸರುಗಳು ಈಗ ಬಸ್ಸಿನ ಫಲಕಗಳಲ್ಲಿ, ಚಾರಣದ ನಕ್ಷೆಗಳಲ್ಲಿ ಉಳಿದಿವೆ. ಈ ವ್ಯವಸ್ಥೆಯನ್ನು ಚಿನ್ನದ ಕಾಲವೆಂದು ಹಾಡಿ ಹೊಗಳಬೇಕಾಗಿಲ್ಲ. ಕೊಳಕು ವಿಪರೀತವಿತ್ತು, ಯಾತ್ರಿಕರ ಜೊತೆಗೇ ಕಾಲರಾ ಬೆಟ್ಟ ಹತ್ತುತ್ತಿತ್ತು, ದಾರಿಯಲ್ಲೇ ಸತ್ತವರಿಗೆ ಲೆಕ್ಕವಿಲ್ಲ. ಆದರೆ ಒಂದು ಮಾತು ನಿಜ: ಸಾವಿರಾರು ಬಡವರು ಎತ್ತರದ ಬೆಟ್ಟದಲ್ಲಿ ತಿಂಗಳುಗಟ್ಟಲೆ ನಡೆಯಲು ಬೇಕಾದ ಏರ್ಪಾಡು ಯಾವ ಕಂಪನಿಯೂ ಇಲ್ಲದೆ, ಊರಂಚಿನ ಅಂಗಡಿಯವನ ವ್ಯಾಪಾರದ ಮೇಲೆ ನಿಂತಿತ್ತು.

ಡೇರೆ ಬಂದದ್ದು ಬೇರೆಯವರ ಹಿಂದೆ. ಕುಮಾವೂಂ, ಗಢವಾಲಗಳಿಗೆ ಬ್ರಿಟಿಷರ ಆಳ್ವಿಕೆ ಕಾಲಿಟ್ಟ ಮೇಲೆ ಸರ್ವೆಗೆ, ಕಂದಾಯ ನಿಗದಿಗೆ, ಬೇಟೆಗೆ ಹೊರಡುವ ಸಾಹೇಬರು ಯಾತ್ರೆಯ ಹಾದಿ ಬಿಟ್ಟು ಅಡ್ಡ ಕಣಿವೆಗಳಿಗೆ ನುಗ್ಗಿದರು. ಅಲ್ಲಿ ಚಟ್ಟಿಯಿರಲಿಲ್ಲ. ಇದ್ದರೂ ಅದರಲ್ಲಿ ಅವರು ಮಲಗುತ್ತಿರಲಿಲ್ಲ. ಅಗಲವಾದ ಡೇರೆ, ಮಂಚ, ಮೇಜು, ಸ್ನಾನದ ತೊಟ್ಟಿ, ಮದ್ಯದ ಪೆಟ್ಟಿಗೆ, ಅಡುಗೆಭಟ್ಟ, ಇಷ್ಟೂ ಸಾಹೇಬರ ಜೊತೆಗೆ ಬೆಟ್ಟ ಹತ್ತಬೇಕು. ಹೊರುವವರು ಯಾರು? ಅದಕ್ಕೆ ಬಿಟ್ಟಿ ದುಡಿಮೆಯ ಕಟ್ಟುಪಾಡೇ ಇತ್ತು. ಊರಿನ ಮುಖ್ಯಸ್ಥನ ಬಳಿ ರೈತರ ಹೆಸರಿನ ವಹಿ. ಸರದಿ ಬಂದವನು ಬಿತ್ತನೆ ಬಿಟ್ಟಾದರೂ ಹೊರೆ ಹೊರಬೇಕು. ಕೂಲಿಯಿಲ್ಲದ ಹೊರೆಗೆ ಬೇಗಾರ್, ಹೆಸರಿಗೆ ಕೂಲಿಯುಳ್ಳದ್ದಕ್ಕೆ ಉತಾರ್, ಬೀಡುಬಿಟ್ಟ ಸಾಹೇಬರಿಗೆ ಹಾಲು, ಹುಲ್ಲು, ಸೌದೆ, ಧಾನ್ಯ ಒದಗಿಸುವುದಕ್ಕೆ ಬರ್ದಾಯಿಶ್. 1921ರ ಜನವರಿಯಲ್ಲಿ, ಮಕರ ಸಂಕ್ರಾಂತಿಯ ಉತ್ತರಾಯಣಿ ಜಾತ್ರೆಗೆ ಬಾಗೇಶ್ವರದಲ್ಲಿ ನೆರೆದ ಜನ ಬದರೀದತ್ತ ಪಾಂಡೆ ಮೊದಲಾದವರ ಮುಂದಾಳತ್ವದಲ್ಲಿ ಆ ವಹಿಗಳನ್ನು ಸರಯೂ–ಗೋಮತಿ ಸಂಗಮದ ನೀರಿಗೆ ಎಸೆದು, ಇನ್ನು ಹೊರುವುದಿಲ್ಲವೆಂದು ಶಪಥ ಮಾಡಿದರು. ಹಿಮಾಲಯದ ಡೇರೆಬಾಳ್ವೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಶಿಖರಗಳಿಂದ ಶುರುಮಾಡುತ್ತಾರೆ. ನನ್ನ ಮಟ್ಟಿಗೆ ಅದು ಶುರುವಾಗುವುದು ಬಾಗೇಶ್ವರದ ಆ ನದಿದಂಡೆಯಲ್ಲಿ, ಏಕೆಂದರೆ ಒಬ್ಬರ ರಾತ್ರಿಯ ಸುಖವನ್ನು ಇನ್ನೊಬ್ಬರ ಬೆನ್ನು ಹೊರುತ್ತದೆ ಎಂಬ ಸತ್ಯ ಅಲ್ಲಿ ಬಯಲಿಗೆ ಬಂತು.

ಅದೇ 1921ರ ಮೇ ತಿಂಗಳಲ್ಲಿ ಡಾರ್ಜಿಲಿಂಗಿನಿಂದ ಎವರೆಸ್ಟ್ ಪರಿಶೋಧನೆಗೆ ಮೊದಲ ಬ್ರಿಟಿಷ್ ತಂಡ ಹೊರಟಿತು. ಇಲ್ಲಿ ಹೊರುವವರಿಗೆ ಕೂಲಿ ಇತ್ತು. ನೇಪಾಳದ ಸೋಲುಖುಂಬುವಿನಿಂದ ಕೆಲಸ ಹುಡುಕಿ ಬಂದು ಡಾರ್ಜಿಲಿಂಗ್ ಸೇರಿದ್ದ ಶೆರ್ಪಾಗಳ ಕಸುವನ್ನು ಅಲೆಕ್ಸಾಂಡರ್ ಕೆಲ್ಲಾಸ್ ಎಂಬ ಸ್ಕಾಟಿಷ್ ರಸಾಯನವಿಜ್ಞಾನಿ 1907ರಿಂದಲೇ ಕಂಡುಕೊಂಡಿದ್ದ; ಆ ಮೊದಲ ತಂಡದ ಜೊತೆ ಹೋಗುತ್ತಲೇ ಅವನು ದಾರಿಯಲ್ಲಿ ತೀರಿಕೊಂಡ. 1928ರಲ್ಲಿ ಹುಟ್ಟಿದ ಹಿಮಾಲಯನ್ ಕ್ಲಬ್ ಮುಂದೆ ಶೆರ್ಪಾಗಳ ಕೆಲಸದ ದಾಖಲೆ ಇಡಲು, ಒಳ್ಳೆಯವರಿಗೆ ಬಿಲ್ಲೆ ಕೊಡಲು ತೊಡಗಿತು. ಬಿಟ್ಟಿ ಹೋಗಿ ಕಸುಬು ಬಂತು, ಮುಖ್ಯವಾದ ಬದಲಾವಣೆಯೇ ಸರಿ. ಆದರೆ ಏರ್ಪಾಡಿನ ಆಕಾರ ಬದಲಾಗಲಿಲ್ಲ: ಮುಂದೆ ಹೋಗಿ ಡೇರೆ ಎಬ್ಬಿಸುವ ಆಳುಗಳು, ಅಡುಗೆಯವ, ಬೆಳಗ್ಗೆ ಡೇರೆಯ ಬಾಗಿಲಿಗೇ ಬರುವ ಚಹಾ. ಗೂರ್ಖಾ ಪಡೆಯ ನಿವೃತ್ತ ಅಧಿಕಾರಿ ಜಿಮ್ಮಿ ರಾಬರ್ಟ್ಸ್ ಈ ಆಕಾರವನ್ನೇ ಎತ್ತಿ ಮಾರಾಟಕ್ಕಿಟ್ಟ. ಭಾರತದಲ್ಲೇ ಹುಟ್ಟಿದವನು, 1953ರ ಎವರೆಸ್ಟ್ ತಂಡಕ್ಕೆ ಆಮ್ಲಜನಕದ ಎರಡನೇ ಕಂತನ್ನು ತಲುಪಿಸಿದವನು, 1960ರಲ್ಲಿ ಅನ್ನಪೂರ್ಣಾ–2 ಶಿಖರವನ್ನು ಮೊದಲ ಬಾರಿಗೆ ಏರಿದ ತಂಡದ ನಾಯಕ. 1964ರಲ್ಲಿ ಕಠ್ಮಂಡುವಿನಲ್ಲಿ ಮೌಂಟನ್ ಟ್ರಾವೆಲ್ ಎಂಬ ಸಂಸ್ಥೆ ತೆರೆದು, ಅಮೆರಿಕದ ‘ಹಾಲಿಡೇ’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಮರುವರ್ಷ ಬಂದ ಮೊದಲ ಗಿರಾಕಿಗಳು ಮೂವರು ಅಮೆರಿಕನ್ ಮಹಿಳೆಯರು, ಅವರೇನೂ ಪರ್ವತಾರೋಹಿಗಳಲ್ಲ. ಶಿಖರ ಏರುವ ಉದ್ದೇಶವನ್ನು ಕಳಚಿ, ಶಿಖರಯಾತ್ರೆಯ ಸೌಕರ್ಯವನ್ನು ಮಾತ್ರ ಉಳಿಸಿಕೊಂಡರೆ ಅದನ್ನು ಕೊಳ್ಳುವವರಿದ್ದಾರೆ ಎಂಬುದು ರಾಬರ್ಟ್ಸ್ ಕಂಡುಹಿಡಿದ ಸಂಗತಿ. ಇಂದು ಕಂಪನಿಯೊಂದಕ್ಕೆ ಹಣ ಕಟ್ಟಿ ಕೇದಾರಕಾಂಠಕ್ಕೋ ಹಂಪ್ಟಾ ಕಣಿವೆಗೋ ಹೋಗುವ ಬೆಂಗಳೂರಿನ ಎಂಜಿನಿಯರು ಅರಿವಿಲ್ಲದೆ ಅನುಭವಿಸುತ್ತಿರುವುದು ಆ ಮಾದರಿಯ ಅಗ್ಗದ ಆವೃತ್ತಿಯನ್ನೇ.

ಹಾಗಿದ್ದರೂ ನೇಪಾಳದಲ್ಲಿ ಡೇರೆ ಬಹಳ ದಿನ ಮೆರೆಯಲಿಲ್ಲ. ಲುಕ್ಲಾದಲ್ಲಿ ಎಡ್ಮಂಡ್ ಹಿಲರಿ ಕಟ್ಟಿಸಿದ ವಿಮಾನಪಟ್ಟಿಯೂ 1964ರದ್ದೇ. ಆಮೇಲೆ ಬಂದ ನಡಿಗೆಗಾರರಿಗೆ ಖುಂಬುವಿನ ಮನೆಗಳಲ್ಲಿ ಒಲೆಯ ಪಕ್ಕ ಜಾಗ ಸಿಕ್ಕಿತು, ಆ ಮನೆಗಳು ನಿಧಾನವಾಗಿ ಲಾಡ್ಜ್‌ಗಳಾದವು. ಅನ್ನಪೂರ್ಣಾ ಸುತ್ತಲೂ ಹಾಗೆಯೇ ಆಯಿತು. ಚಟ್ಟಿಯ ಲೆಕ್ಕವೇ ಅಲ್ಲಿ ಮತ್ತೆ ಹುಟ್ಟಿತು: ಕೋಣೆ ಅಗ್ಗ, ಆದರೆ ಊಟ ಅಲ್ಲೇ ಮಾಡಬೇಕು. ಭಾರತದಲ್ಲೇಕೆ ಹೀಗಾಗಲಿಲ್ಲ? ನಮ್ಮ ಹಿಮಾಲಯದಲ್ಲಿ ಎತ್ತರದಲ್ಲಿ ಊರುಗಳೇ ಇಲ್ಲವಲ್ಲ ಎಂಬುದು ಸಿದ್ಧ ಉತ್ತರ. ಖುಂಬುವಿನ ದಿಂಗ್‌ಬೋಚೆ 4,400 ಮೀಟರ್ ಎತ್ತರದಲ್ಲಿದೆ, ಗಢವಾಲದ ಹಾದಿಗಳಲ್ಲಿ ಕೊನೆಯ ಊರು ದಾಟಿದ ಮೇಲೆ ನಾಲ್ಕೈದು ದಿನ ಮನೆಯೇ ಸಿಗುವುದಿಲ್ಲ, ಎರಡನ್ನೂ ಹೋಲಿಸುವುದು ಹೇಗೆ ಎಂದು ಕೇಳುತ್ತಾರೆ. ಅರ್ಧ ನಿಜ. ಉಳಿದರ್ಧ ನಿಜವನ್ನು ಈ ಉತ್ತರ ಮುಚ್ಚಿಡುತ್ತದೆ. ನಮ್ಮಲ್ಲೂ ಎತ್ತರದಲ್ಲಿ ಊರುಗಳಿದ್ದವು. ಅವು ಖಾಲಿಯಾದವು.

1962 ಹಿಮಾಲಯದ ನಡಿಗೆಯನ್ನು ಎರಡು ಕಡೆಯಿಂದ ಕತ್ತರಿಸಿತು. ಮೊದಲನೆಯದು ಮೇಲಿನಿಂದ. ಜೋಹಾರ್, ದಾರ್ಮಾ, ನೀತಿ, ಮಾಣಾ, ನೆಲಾಂಗ್ ಕಣಿವೆಗಳ ಶೌಕಾ, ರಂಗ್, ಮಾರ್ಛಾ, ಜಾಡ್ ಜನ ತಲೆಮಾರುಗಳಿಂದ ಕುರಿಗಳ ಬೆನ್ನಿಗೆ ಪುಟ್ಟ ಚೀಲ ಕಟ್ಟಿ ಟಿಬೆಟ್ಟಿಗೆ ಧಾನ್ಯ, ಬೆಲ್ಲ, ಬಟ್ಟೆ ಒಯ್ಯುತ್ತಿದ್ದರು; ಉಪ್ಪು, ಉಣ್ಣೆ, ಬೊರಾಕ್ಸ್ ತರುತ್ತಿದ್ದರು. ಬೇಸಿಗೆಯಲ್ಲಿ ಅವರ ಮನೆ ಇದ್ದದ್ದು ಮೇಲಿನ ಊರುಗಳಲ್ಲಿ. ಸುಮಾರು 3,400 ಮೀಟರ್ ಎತ್ತರದ ಮಿಲಮ್ ಪೇಟೆಯಂತಹ ಊರು, ಟಿಬೆಟ್ಟಿನೊಳಗೆ ಗುಟ್ಟಾಗಿ ನಡೆದು ಲ್ಹಾಸಾವನ್ನು ಅಳೆದ ಪಂಡಿತ ನೈನ್ ಸಿಂಗ್‌ನ ಊರು. ಯುದ್ಧವಾಗಿ ಗಡಿ ಮುಚ್ಚಿದ್ದೇ ವ್ಯಾಪಾರ ನಿಂತಿತು. ಮಿಲಮ್‌ನ ಕೆತ್ತನೆಯ ಬಾಗಿಲುಗಳ ಮನೆಗಳು ಸೂರು ಕುಸಿದು ಬಿದ್ದವು. ನೆಲಾಂಗ್, ಜಾದುಂಗ್ ಊರುಗಳನ್ನಂತೂ ಸರ್ಕಾರವೇ ತೆರವು ಮಾಡಿಸಿತು. ಎರಡನೆಯದು ಕೆಳಗಿನಿಂದ. ಸೈನ್ಯಕ್ಕಾಗಿ ಗಡಿಯವರೆಗೆ ಮೋಟಾರು ರಸ್ತೆ ಬೇಕಾಯಿತು. ಅದು ಜೋಶಿಮಠ ದಾಟಿ ಬದರಿಯನ್ನೂ ಮುಟ್ಟಿತು. ತಿಂಗಳ ನಡಿಗೆ ದಿನಗಳ ಬಸ್ ಪಯಣವಾದಾಗ ಚಟ್ಟಿಯ ಅಂಗಡಿಯವನಿಗೆ ಗಿರಾಕಿ ಎಲ್ಲಿಂದ? ಹೀಗೆ ಕೆಲವೇ ವರ್ಷಗಳಲ್ಲಿ ಮೇಲಿನ ಸೂರೂ ಕೆಳಗಿನ ಸೂರೂ ಹೋದವು. ನಂತರದ ದಶಕಗಳಲ್ಲಿ ನಗರದ ನಡಿಗೆಗಾರ ಬಂದಾಗ ಅವನ ಕಣ್ಣಿಗೆ ಕಂಡದ್ದು ಮನುಷ್ಯರಿಲ್ಲದ ಬೆಟ್ಟ. ಖಾಲಿಯಾದದ್ದನ್ನು ಅವನು ಮೊದಲಿನಿಂದಲೂ ಖಾಲಿಯಾಗಿದ್ದದ್ದು ಎಂದು ಓದಿಕೊಂಡ. ಕನ್ಯಾಭೂಮಿ, ಅನಾಘ್ರಾತ ನಿಸರ್ಗ ಎಂಬ ಪದಗಳೆಲ್ಲ ಆ ಓದಿನಿಂದ ಬಂದವು. ಖಾಲಿ ಜಾಗದಲ್ಲಿ ಮಲಗಲು ಡೇರೆಯಲ್ಲದೆ ಇನ್ನೇನು?

ಭಾರತೀಯರ ಸ್ವಂತ ಪರ್ವತಾರೋಹಣ ಅಷ್ಟರಲ್ಲಿ ಬೇರೂರಿತ್ತು. ಡೂನ್ ಶಾಲೆಯ ಮೇಷ್ಟ್ರು ಗುರುದಯಾಳ್ ಸಿಂಗ್ 1951ರಲ್ಲಿ ತ್ರಿಶೂಲ ಏರಿದ್ದರು; ಡಾರ್ಜಿಲಿಂಗಿನ ಸಂಸ್ಥೆ 1954ರಲ್ಲಿ, ಉತ್ತರಕಾಶಿಯ ನೆಹರೂ ಸಂಸ್ಥೆ 1965ರಲ್ಲಿ ತೆರೆದವು. ಅಲ್ಲಿ ಕಲಿತ ಹುಡುಗರು ಊರಿಗೆ ಮರಳಿ ಕ್ಲಬ್ಬು ಕಟ್ಟಿ, ತಮ್ಮ ಹೊರೆ ತಾವೇ ಹೊತ್ತು ನಡೆದರು. ಅದರ ಕಥೆ ದೊಡ್ಡದು. ಇಲ್ಲಿ ಬೇಕಾದದ್ದು ಇನ್ನೊಂದು ಆವಿಷ್ಕಾರ. ಚಾರಣವನ್ನು ಸಂಬಳದಾರರ ಕೈಗೆಟುಕುವಂತೆ ಮಾಡಿದ್ದು ಕಾಯಂ ಶಿಬಿರ. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಸರ್‌ ಪಾಸ್‌ನಂತಹ ಚಾರಣಗಳಲ್ಲಿ ಅದು ಪಳಗಿತು. ಡೇರೆಗಳು ಋತುವಿಡೀ ಒಂದೇ ಕಡೆ ನಿಂತಿರುತ್ತವೆ, ಅಡುಗೆಯವನೂ ಅಲ್ಲೇ ಇರುತ್ತಾನೆ, ದಿನಕ್ಕೊಂದು ತಂಡ ಬಂದು ಮಲಗಿ ಮುಂದೆ ಹೋಗುತ್ತದೆ. ಹೊರೆ ಹೊರುವ ಖರ್ಚು ತಂಡಕ್ಕೊಮ್ಮೆಯ ಬದಲು ಋತುವಿಗೊಮ್ಮೆ. ಇದರಿಂದ ಮೈಸೂರಿನ ಗುಮಾಸ್ತರೂ ಹುಬ್ಬಳ್ಳಿಯ ಶಿಕ್ಷಕಿಯರೂ ಹಿಮ ತುಳಿದರು. ಇದನ್ನು ಸಣ್ಣದೆಂದು ತಳ್ಳಿಹಾಕಲಾಗದು. ರಾಬರ್ಟ್ಸ್ ಡಾಲರಿಗೆ ಮಾರಿದ್ದನ್ನು ನಮ್ಮವರು ರಜೆಯ ಭತ್ಯೆಗೆ ಎಟುಕುವಂತೆ ಮಾಡಿದರು. ಮುಂದೆ ಖಾಸಗಿ ಕಂಪನಿಗಳು ಇದೇ ಲೆಕ್ಕವನ್ನು ಅಂತರ್ಜಾಲದ ಬುಕಿಂಗ್‌ಗೆ ಜೋಡಿಸಿದವು. ಸೋಮವಾರದ ತಂಡ ಬುಧವಾರ ಇಂಥ ಶಿಬಿರದಲ್ಲಿರಬೇಕು, ಏಕೆಂದರೆ ಮಂಗಳವಾರದ ತಂಡ ಹಿಂದೆಯೇ ಇದೆ.

ಹಾನಿಯ ಬೇರು ಇರುವುದೂ ಈ ಅಗ್ಗದ ಲೆಕ್ಕದಲ್ಲೇ. ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಹುಲ್ಲು ಬೆಳೆಯುವುದಕ್ಕೆ ವರ್ಷದಲ್ಲಿ ಹಿಮ ಕರಗಿದ ಕೆಲವೇ ತಿಂಗಳು. ಆ ತಿಂಗಳುಗಳೇ ಚಾರಣದ ಋತು. ದಾಟಿಹೋಗುವ ಕಾಲು ಹುಲ್ಲನ್ನು ಬಾಗಿಸುತ್ತದೆ. ಋತುವಿಡೀ ಬಿಸಿಲು ತಡೆದು ನಿಂತ ಡೇರೆ ಅದನ್ನು ಸಾಯಿಸುತ್ತದೆ. ಮಳೆನೀರು ಒಳನುಗ್ಗದಿರಲೆಂದು ಡೇರೆಯ ಸುತ್ತ ತೋಡುವ ಕಾಲುವೆ, ಬೇರಿನ ಹೆಣಿಗೆ ಕಿತ್ತ ಮೇಲೆ, ಮುಂದಿನ ಮುಂಗಾರಿಗೆ ಕೊರಕಲಾಗುತ್ತದೆ. ಕಕ್ಕಸಿನ ಗುಂಡಿಯಲ್ಲಿ ಮಣ್ಣು ಮುಚ್ಚಿದರೆ ಕೊಳೆತುಹೋಗುತ್ತದೆ ಎಂಬ ಬಯಲುಸೀಮೆಯ ನಂಬಿಕೆ ಆ ಚಳಿಯಲ್ಲಿ ನಡೆಯದು. ಕೊಳೆಸುವ ಜೀವಾಣುಗಳು ಅಲ್ಲಿ ಬಹಳ ನಿಧಾನ. ಸಾಮಾನು ಹೊತ್ತ ಹೇಸರಗತ್ತೆಗಳು ಶಿಬಿರದ ಸುತ್ತಲೇ ಮೇಯುತ್ತವೆ. ಇವೆಲ್ಲ ಬುಗ್ಯಾಲ್‌ನ ಉದ್ದಗಲಕ್ಕೂ ಹರಡಿದ ಹಾನಿಯಲ್ಲ. ನೀರು ಹತ್ತಿರವಿರುವ, ಸಮತಟ್ಟಾದ, ಗಾಳಿ ಮರೆಯಾದ ಒಂದೆರಡು ಎಕರೆಗೆ ಒಟ್ಟುಗೂಡಿದ ಹಾನಿ. ನೀರಿನ ಮೂಲ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ.

ನಂದಾದೇವಿ ಇದಕ್ಕೆ ಹಳೆಯ ಸಾಕ್ಷಿ. ಋಷಿಗಂಗೆಯ ಕಮರಿಯೊಳಗೆ ದಾರಿ ಹುಡುಕಿ ಆ ಶಿಖರದ ಒಳಬಟ್ಟಲಿಗೆ 1934ರಲ್ಲಿ ಮೊದಲು ಇಳಿದವರು ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಮತ್ತು ಮೂವರು ಶೆರ್ಪಾಗಳು. ಅಷ್ಟು ಸಣ್ಣ ತಂಡ ಬಿಟ್ಟುಬಂದ ಗುರುತು ಮಳೆಗೆ ಅಳಿಸಿಹೋಗಿರಬೇಕು. 1974ರಲ್ಲಿ ಸರ್ಕಾರ ಆ ಒಳಬಟ್ಟಲನ್ನು ಶಿಖರ ತಂಡಗಳಿಗೆ ತೆರೆಯಿತು. ಹತ್ತು ವರ್ಷ ತುಂಬುವ ಮೊದಲೇ, 1980ರ ದಶಕದ ಆರಂಭದಲ್ಲಿ, ಕಸ ಮತ್ತು ಸೌದೆಗೆ ಕಡಿದ ಮರಗಳ ಕಾರಣಕ್ಕೆ ಮುಚ್ಚಬೇಕಾಯಿತು. 1993ರಲ್ಲಿ ಹೋದ ಸೇನೆಯ ತಂಡ ಹಳೆಯ ಕಸ ಹೊತ್ತು ತಂದಿತು. ಮುಚ್ಚಿದ್ದರಿಂದ ಕಾಡು ಚೇತರಿಸಿಕೊಂಡಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಲಾತಾ, ರೇಣಿ ಊರಿನವರು ಏಕಕಾಲಕ್ಕೆ ಹೊರೆಯ ಕೂಲಿಯನ್ನೂ ಮೇವಿನ ಹಕ್ಕನ್ನೂ ಕಳೆದುಕೊಂಡರು. 1974ರಲ್ಲಿ ಮರಗಳನ್ನು ಅಪ್ಪಿಕೊಂಡು ಗುತ್ತಿಗೆದಾರರನ್ನು ಓಡಿಸಿದ ಚಿಪ್ಕೋ ಹೆಂಗಸರ ಊರು ಈ ರೇಣಿ. ಕಾಡು ಉಳಿಸಿದವರನ್ನೇ ಕಾಡಿನಿಂದ ಹೊರಗಿಟ್ಟದ್ದರ ಸಿಟ್ಟು 1998ರಲ್ಲಿ ಲಾತಾದಿಂದ ಹೊರಟ ಚಳವಳಿಯಾಗಿ ಸ್ಫೋಟಿಸಿತು. ತೆರೆ ಇಲ್ಲವೇ ಮುಚ್ಚು ಎಂಬ ಎರಡೇ ಗುಂಡಿಗಳಿರುವ ಆಡಳಿತ ಎರಡನ್ನೂ ಒತ್ತಿ ನೋಡಿತು, ಎರಡರಲ್ಲೂ ಯಾರಿಗಾದರೂ ಅನ್ಯಾಯವಾಯಿತು.

ಹಾನಿಯ ಬೇರು ಡೇರೆಯಲ್ಲಿದೆ ಎಂಬ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು ಕುರಿಗಳದ್ದು. ಶತಮಾನಗಳಿಂದ ಸಾವಿರಾರು ಕುರಿ, ಎಮ್ಮೆ ಬುಗ್ಯಾಲ್‌ಗೆ ಹತ್ತುತ್ತಿವೆ, ಹನ್ನೆರಡು ವರ್ಷಕ್ಕೊಮ್ಮೆಯ ನಂದಾದೇವಿ ರಾಜಜಾತ್‌ನಲ್ಲಿ ಭಕ್ತರ ಸಾಗರವೇ ಬೇದಿನಿಯಲ್ಲಿ ಬೀಡುಬಿಡುತ್ತದೆ, ಹಾಗಿರುವಾಗ ಇಪ್ಪತ್ತು ಡೇರೆಗಳು ಯಾವ ಲೆಕ್ಕ ಎನ್ನುತ್ತಾರೆ. ಆದರೆ ಕುರಿಗಾಹಿ ಮೇವು ತೀರಿದೊಡನೆ ಮಂದೆಯನ್ನು ಮುಂದಕ್ಕೆ ಹೊಡೆಯುತ್ತಾನೆ. ಹಾಗೆ ಮಾಡದಿದ್ದರೆ ಮೊದಲು ಸೊರಗುವುದು ಅವನ ಮಂದೆ. ರಾಜಜಾತ್ ಹನ್ನೆರಡು ವರ್ಷ ನೆಲಕ್ಕೆ ಬಿಡುವು ಕೊಡುತ್ತದೆ, ಆದರೂ ಅದು ಬಿಟ್ಟುಹೋಗುವ ಕಸ ಸಮರ್ಥನೀಯವಲ್ಲ. ಕಾಯಂ ಶಿಬಿರಕ್ಕೆ ಈ ಬಿಡುವೂ ಇಲ್ಲ, ಮಂದೆ ಸೊರಗುವ ಭಯವೂ ಇಲ್ಲ. ಹುಲ್ಲು ಸತ್ತರೂ ಬುಕಿಂಗ್ ನಿಲ್ಲುವುದಿಲ್ಲ. ಅಂದಹಾಗೆ 2018ರ ಆದೇಶ ವ್ಯಾಪಾರದ ಮೇವಿಗೂ ತಡೆ ಹಾಕಿತ್ತು, ಸ್ಥಳೀಯರ ಮಂದೆಗೆ ಅವಕಾಶ ಉಳಿಸಿತ್ತು. ಅದನ್ನು ಟೀಕಾಕಾರರು ಮರೆಯುತ್ತಾರೆ.

ಇನ್ನೊಂದು ಹೊಟ್ಟೆಪಾಡಿನ ಆಕ್ಷೇಪ, ಇದರ ತೂಕ ಹೆಚ್ಚು. ಬೇದಿನಿ ಹಾದಿಯ ಬುಡದಲ್ಲಿರುವ ಲೋಹಾಜಂಗ್, ವಾಣ್ ಊರುಗಳಲ್ಲಿ ಹೇಸರಗತ್ತೆ ಸಾಕಿದವರು, ಅಡುಗೆ ಮಾಡುವವರು, ದಾರಿ ತೋರುವವರು ಆದೇಶದ ಮರುದಿನದಿಂದಲೇ ಕಂಗಾಲಾದರು. ರಾತ್ರಿ ನಿಷೇಧವನ್ನು ಹೊಗಳುವವರು ಈ ಜನರಿಗೆ ಏನು ಹೇಳುತ್ತಾರೆ? ಉತ್ತರ ಹಣದ ಹರಿವಿನಲ್ಲಿದೆ. ಡೇರೆಯ ವ್ಯವಸ್ಥೆಯಲ್ಲಿ ಊರಿನವನಿಗೆ ದಕ್ಕುವುದು ದಿನಗೂಲಿ. ರಾತ್ರಿಯ ಬಾಡಿಗೆ ಡೇರೆಯ ಒಡೆಯನಿಗೆ ಸೇರುತ್ತದೆ. ಆ ಒಡೆಯ ಹೆಚ್ಚಾಗಿ ಡೆಹ್ರಾಡೂನಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ. ಊರಿನವರೇ ಗುತ್ತಿಗೆ ಹಿಡಿದದ್ದೂ ಉಂಟು, ಒಳ್ಳೆಯ ಸಂಬಳ ಕೊಡುವ ಕಂಪನಿಗಳೂ ಉಂಟು. ಆದರೂ ಸೂರಿನ ಕೆಳಗೆ ಕಳೆದ ರಾತ್ರಿಯ ಹಣ ಆ ಮನೆಯ ಹೆಂಗಸಿನ ಕೈಗೆ ಬರುತ್ತದೆ. ಡೇರೆಯ ರಾತ್ರಿಯ ಕೂಲಿ ಬಹುಪಾಲು ಗಂಡಸಿನ ಕೈಗೆ. ಮುನ್ಸಿಯಾರಿಯ ಸರ್ಮೋಲಿ ಎಂಬ ಊರಲ್ಲಿ ಹೆಂಗಸರು ಸುಮಾರು ಎರಡು ದಶಕಗಳಿಂದ ಹೋಮ್‌ಸ್ಟೇಗಳನ್ನು ನಡೆಸುತ್ತಿದ್ದಾರೆ, ಗಳಿಕೆಯ ಒಂದು ಪಾಲನ್ನು ಊರಿನ ಕಾಡು ಕಾಯುವ ವನ ಪಂಚಾಯತಿಗೆ ಕೊಡುತ್ತಾರೆ. 2023ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅತ್ಯುತ್ತಮ ಪ್ರವಾಸಿ ಗ್ರಾಮ ಪ್ರಶಸ್ತಿ ಅದಕ್ಕೆ ಸಂದಿತು. ಪ್ರಶಸ್ತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಆ ಪಾಲು. ಬುಗ್ಯಾಲ್ ಕೆಟ್ಟರೆ ಅತಿಥಿ ಬರುವುದಿಲ್ಲ ಎಂಬ ಭಯ ಯಾರಿಗೆ ಇರಬೇಕೋ ಅವರಿಗೆ ಅಲ್ಲಿ ಇದೆ.

ಹಾಗಾದರೆ ನಕ್ಷತ್ರಗಳ ಕೆಳಗೆ ಮಲಗುವ ಆಸೆಯೇ ಅಪರಾಧವೇ, ಸ್ವಂತ ಡೇರೆ ಹೊತ್ತು ಹೋಗುವವನ ಗತಿಯೇನು ಎಂದು ಕೇಳಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ಇದಕ್ಕೆ ಕಂಡುಕೊಂಡ ದಾರಿ ಗಮನಾರ್ಹ. ಅಲ್ಲಿ ಸಾಮಾನ್ಯವಾಗಿ ಹಗಲು ನಡೆದು ಬರುವವರಿಗೆ ಬೇರೆ ಪರವಾನಗಿ ಬೇಕಿಲ್ಲ, ರಾತ್ರಿ ಒಳಗೆ ಉಳಿಯುವವರಿಗೆ ಬೇಕು. ಒಂದೊಂದು ಹಾದಿಯ ಬಾಯಿಗೂ ದಿನಕ್ಕೆ ಇಷ್ಟೇ ಜನ ಎಂಬ ಮಿತಿ. ನೀರಿನಿಂದ ನಿಗದಿತ ದೂರದಲ್ಲಿ ಮಲಗಬೇಕು. ಕ್ಯಾಲಿಫೋರ್ನಿಯಾದ ವಿಟ್ನಿ ಶಿಖರದ ಹಾದಿಯಲ್ಲಿ ಮನುಷ್ಯರು ತಮ್ಮ ಮಲವನ್ನೂ ಚೀಲದಲ್ಲಿ ಕಟ್ಟಿಕೊಂಡು ಕೆಳಗೆ ತರಬೇಕು. ಕೇಳಲು ಅಸಹ್ಯ, ಆದರೆ ಎಣಿಸುತ್ತಿರುವುದು ಸರಿಯಾದದ್ದನ್ನೇ, ರಾತ್ರಿಗಳನ್ನು. ಆ ಮಾದರಿಯನ್ನು ಇಡಿಯಾಗಿ ತರಲು ನಮ್ಮಲ್ಲಿ ಆಗದು. ಎಲ್ಲವನ್ನೂ ತಾನೇ ಹೊರುವ ನಡಿಗೆಗಾರ ಊರಿಗೆ ಒಂದು ಕಾಸೂ ಕೊಡದೆ ದಾಟಿಹೋಗಬಹುದು. ಅಮೆರಿಕದ ಆ ಕಾಡುಗಳಲ್ಲಿ ಊರೇ ಇಲ್ಲ. ಅಲ್ಲಿದ್ದ ಮೂಲನಿವಾಸಿಗಳನ್ನು ಮೊದಲೇ ಹೊರಹಾಕಿದ್ದರು ಎಂಬುದೂ ನೆನಪಿರಬೇಕು. ನೇಪಾಳದ ಸೂರೂ ಸರ್ವರೋಗಕ್ಕೆ ಮದ್ದೇನಲ್ಲ. ಖುಂಬುವಿನ ಲಾಡ್ಜ್‌ಗಳ ಒಲೆಗೆ ಹೋದ ಕಾಡು, ಗುಂಡಿಗಳಲ್ಲಿ ತುಂಬಿದ ಬಾಟಲಿಗಳು ಅಲ್ಲಿನ ದೊಡ್ಡ ತಲೆನೋವು. ಆದರೆ ಒಂದು ಕಡೆ ಒಟ್ಟಾಗುವ ಕೊಳೆಗೆ ಚರಂಡಿ ಕಟ್ಟಬಹುದು, ತೆರಿಗೆ ಹಾಕಬಹುದು, ಹೊಣೆ ಹೊರಿಸಬಹುದು. ಋತು ಮುಗಿದ ಮೇಲೆ ಮಡಚಿಕೊಂಡು ಹೋಗುವ ಡೇರೆಗೆ ವಿಳಾಸವಿಲ್ಲ.

ಸುರಕ್ಷತೆಯ ಪ್ರಶ್ನೆಯೂ ಇದರೊಳಗೇ ಇದೆ. 2024ರ ಜೂನ್ ಮೊದಲ ವಾರ ಉತ್ತರಕಾಶಿ ಕಡೆಯ ಸಹಸ್ರತಾಲ್ ಹಾದಿಯಲ್ಲಿ, 4,000 ಮೀಟರಿಗೂ ಮೇಲೆ, ಕರ್ನಾಟಕದಿಂದ ಹೋಗಿದ್ದವರೇ ಹೆಚ್ಚಾಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು, ಉಳಿದವರನ್ನು ಹೆಲಿಕಾಪ್ಟರ್ ಮತ್ತು ರಕ್ಷಣಾ ಪಡೆಗಳು ಕರೆತಂದವು. ಆ ದುರಂತದ ಹೊಣೆ ಯಾರದೆಂದು ಇಲ್ಲಿ ತೀರ್ಪು ಕೊಡುವುದು ಸಲ್ಲದು. ಒಂದು ಸಂಗತಿ ಮಾತ್ರ ಎದ್ದು ಕಾಣುತ್ತದೆ: ಆ ಎತ್ತರದಲ್ಲಿ, ಶಿಬಿರದಿಂದ ಶಿಬಿರಕ್ಕೆ ಅಳೆದ ದಿನಗಳ ಚಾರಣದಲ್ಲಿ, ಹವೆ ಕೆಟ್ಟಾಗ ಓಡಿ ಸೇರಲು ನಡುವೆ ಗೋಡೆಯಿರುವ ಒಂದು ಸೂರೂ ಇರುವುದಿಲ್ಲ. ಯುರೋಪಿನ ಆಲ್ಪ್ಸ್‌ನಲ್ಲಿ ಕ್ಲಬ್ಬುಗಳು 19ನೇ ಶತಮಾನದಿಂದಲೇ ಕಲ್ಲಿನ ಗುಡಿಸಲುಗಳನ್ನು ಕಟ್ಟುತ್ತ ಬಂದವು. ನಮ್ಮಲ್ಲಿ ಅಂಥದ್ದು ಇದ್ದದ್ದು ಹೆಚ್ಚಾಗಿ ಯಾತ್ರಿಕರಿಗೆ ಮತ್ತು ಕುರಿಗಾಹಿಗಳಿಗೆ.

ಇದು ಹಿಮಾಲಯಕ್ಕಷ್ಟೇ ಸೇರಿದ ಮಾತೂ ಅಲ್ಲ. 1,712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಸುಬ್ರಹ್ಮಣ್ಯದಿಂದ ಹತ್ತುವವರಿಗೆ ನಡುದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆ ದಶಕಗಳಿಂದ ಅನ್ನ–ಸಾರು ಬಡಿಸಿದ ಮನೆ, ಚಟ್ಟಿಯ ನೆಂಟನೇ ಸರಿ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸಾವಿರಾರು ಜನ ಮುಗಿಬಿದ್ದರು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಕರ್ನಾಟಕ ಸರ್ಕಾರ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಜಾಲತಾಣ ಬಂತು, ದಿನಕ್ಕಿಷ್ಟೇ ಟಿಕೆಟ್ ಎಂದಾಯಿತು. ಕುಮಾರಪರ್ವತವಿರುವ ವನ್ಯಜೀವಿಧಾಮದಲ್ಲಿ ರಾತ್ರಿ ಡೇರೆ ಬೇಡವೆಂಬುದನ್ನು ಒಪ್ಪೋಣ. ಆದರೆ ಟಿಕೆಟ್ಟಿನ ಹಣ ಎಣಿಸುವ ಜಾಲತಾಣಕ್ಕೆ, ನಡುದಾರಿಯಲ್ಲಿ ಅಂಥ ಒಂದು ಮನೆ ಇರುವುದು ಚಾರಣದ ಭಾಗ್ಯ ಎಂಬುದು ಇನ್ನೂ ಹೊಳೆದಂತಿಲ್ಲ.

ದೆಹಲಿಗೆ ಕೊಂಚ ಹೊಳೆದಿರಬಹುದು, ಬೇರೆ ಕಾರಣಕ್ಕೆ. ಗಡಿಯ ಊರುಗಳು ಖಾಲಿ ಇರುವುದು ದೇಶಕ್ಕೆ ಒಳ್ಳೆಯದಲ್ಲ ಎಂಬ ಲೆಕ್ಕದಿಂದ 2023ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ 4,800 ಕೋಟಿ ರೂಪಾಯಿಯ ವೈಬ್ರಂಟ್ ವಿಲೇಜಸ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಡಿ 1962ರಲ್ಲಿ ತೆರವಾದ ಜಾದುಂಗ್‌ನ ಪಾಳು ಮನೆಗಳನ್ನು ಹೋಮ್‌ಸ್ಟೇಗಳಾಗಿ ಮತ್ತೆ ಎತ್ತಿ ನಿಲ್ಲಿಸುವ ಕೆಲಸ ಶುರುವಾಗಿದೆ. ಆ ಮನೆಗಳು ಕೆಳಗೆ ನೆಲೆಸಿರುವ ಜಾಡ್ ಕುಟುಂಬಗಳ ಕೈಯಲ್ಲಿ ಉಳಿಯುತ್ತವೆಯೋ, ಗುತ್ತಿಗೆದಾರರ ಕೈಗೆ ಜಾರುತ್ತವೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇತ್ತ ಮುನ್ಸಿಯಾರಿಯಿಂದ ಮಿಲಮ್ ಕಡೆಗೆ ಗಡಿ ರಸ್ತೆ ಸಂಸ್ಥೆ ಹಲವು ವರ್ಷಗಳಿಂದ ಬಂಡೆ ಒಡೆಯುತ್ತಿದೆ. ಬೇಸಿಗೆಗೆ ಮೇಲಕ್ಕೆ ಹೋಗಿ ಆಲೂಗಡ್ಡೆ ಬೆಳೆಯುವ ಕೆಲವೇ ಶೌಕಾ ಮನೆಯವರಿಗೆ ಆ ರಸ್ತೆ ಬೇಕೇ ಬೇಕು, ಕಾಯಿಲೆಯವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದವರಿಗೆ ನಗರದವರು ನಡಿಗೆಯ ಸೊಗಸನ್ನು ಬೋಧಿಸಲಾಗದು. ಅದು ಮುಗಿದ ದಿನ ಮಿಲಮ್‌ಗೆ ಜೀಪುಗಳು ಬರುತ್ತವೆ, ಬಂದವರು ಸಂಜೆಗೆ ಮುನ್ಸಿಯಾರಿಗೆ ಮರಳುತ್ತಾರೆ. ಮೇಲೆ ಮನೆ ರಿಪೇರಿ ಮಾಡಿಸಿಕೊಳ್ಳುತ್ತಿರುವವರು ಅಷ್ಟರೊಳಗೆ ಎಷ್ಟು ರಾತ್ರಿಗಳಿಗೆ ಗಿರಾಕಿ ಹಿಡಿಯಬಲ್ಲರು ಎಂಬ ಲೆಕ್ಕ ಹಾಕುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.